ಜಾಮ್ ಆದ ಡಿಸ್ಕ್ ಸ್ಕ್ರೂಗೆ ಸುತ್ತಿಗೆ ಏಟಿನ ಇಂಪ್ಯಾಕ್ಟ್ ಡ್ರೈವರ್: ಬಳಸಿದ ಮೇಲೆ ನನ್ನ ಅಭಿಪ್ರಾಯ

ಬ್ರೇಕ್ ಡಿಸ್ಕ್ ನೀವೇ ಬದಲಿಸಬೇಕು ಅಂತಿದ್ದರೆ ಸ್ಪ್ಯಾನರ್ ಸೆಟ್ ತರುವ ಮೊದಲೇ ಈ ಉಪಕರಣ ತಂದಿಟ್ಟುಕೊಳ್ಳಿ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚುವುದು ಕಷ್ಟವಲ್ಲ. ಪ್ಯಾಡ್ ತೆಗೆಯುವುದಂತೂ ಏನೂ ಅಲ್ಲ. ಕೆಲಸ ನಿಂತುಹೋಗುವುದು ಡಿಸ್ಕನ್ನು ಹಬ್‌ಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಹಿಡಿದಿರುವ ಒಂದೆರಡು ಪುಟ್ಟ ಸ್ಟಾರ್ (ಪ್ಲಸ್ ಗುರುತಿನ) ಸ್ಕ್ರೂಗಳ ಹತ್ತಿರ. ಎಲ್ಲ ಕಾರುಗಳಲ್ಲೂ ಇವು ಇರುವುದಿಲ್ಲ. ಆದರೆ ಹೋಂಡಾ, ಹ್ಯುಂಡೈ, ಕಿಯಾ ಕಾರುಗಳಲ್ಲಿ ಕೆಲಸ ಮಾಡಿದವರಿಗೆ ಈ ಸ್ಕ್ರೂಗಳ ಹಠ ಚೆನ್ನಾಗಿ ಗೊತ್ತಿರುತ್ತದೆ. ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಸ್ಕ್ರೂ ಮಿಸುಕುವುದಿಲ್ಲ, ಬಿಟ್ ಮಾತ್ರ ಕರಕರ ಅಂತ ಮೇಲಕ್ಕೆ ಜಾರುತ್ತದೆ, ಎರಡು ಸಲ ಹಾಗಾದರೆ ತಲೆಯ ಗುರುತೇ ಸವೆದು ಗುಂಡಿಯಾಗುತ್ತದೆ.

ನಾನು ಹೇಳುತ್ತಿರುವುದು ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ ಅಲ್ಲ, ಸುತ್ತಿಗೆಯಿಂದ ಹೊಡೆಯುವ ಹಳೇ ಕಾಲದ ಕೈ ಇಂಪ್ಯಾಕ್ಟ್ ಡ್ರೈವರ್ ಬಗ್ಗೆ. ಅಂಗೈಯಲ್ಲಿ ಹಿಡಿಯುವಷ್ಟು ದಪ್ಪದ ಉಕ್ಕಿನ ಹಿಡಿ, ತುದಿಯಲ್ಲಿ ಅರ್ಧ ಇಂಚಿನ ಚೌಕ, ಅದಕ್ಕೆ ಕೂರುವ ಒಂದು ಬಿಟ್ ಹೋಲ್ಡರ್, ಜೊತೆಗೆ ಒಂದಷ್ಟು ಸ್ಟಾರ್ ಮತ್ತು ಚಪ್ಪಟೆ ಬಿಟ್‌ಗಳು. ಇಷ್ಟೇ. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ಯಾಕೆಂದರೆ ಹಿಡಿಯ ವಿನ್ಯಾಸ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ವ್ಯತ್ಯಾಸ ಇರುವುದು ಬಿಟ್‌ಗಳಲ್ಲಿ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಲಿ. ಸ್ಟಾರ್ ಸ್ಕ್ರೂ ತಲೆಯ ಒಳಗಿನ ಗೋಡೆಗಳು ನೇರವಾಗಿಲ್ಲ, ಸ್ವಲ್ಪ ಓರೆ. ನೀವು ಬಲವಾಗಿ ತಿರುಗಿಸಿದಷ್ಟೂ ಆ ಓರೆ ಬಿಟ್ಟನ್ನು ಹೊರಕ್ಕೆ ತಳ್ಳುತ್ತದೆ. ಅಂದರೆ ತಿರುಗಿಸುವ ಬಲ ಹೆಚ್ಚಾದರೆ ಒತ್ತುವ ಬಲವೂ ಹೆಚ್ಚಬೇಕು. ಕೈಯಿಂದ ಅಷ್ಟು ಒತ್ತಲು ಯಾರಿಗೂ ಆಗುವುದಿಲ್ಲ, ಅದರಲ್ಲೂ ನೆಲದ ಮೇಲೆ ಕೂತು ಚಕ್ರದ ಸಂದಿಗೆ ಕೈ ಚಾಚಿಕೊಂಡು. ಈ ಉಪಕರಣದ ಹಿಡಿಯೊಳಗೆ ಓರೆಯಾದ ಒಂದು ಜಾಡು ಇದೆ. ಮೇಲಿನಿಂದ ಸುತ್ತಿಗೆ ಬಿದ್ದಾಗ ಏಟಿನ ಒಂದು ಪಾಲು ಬಿಟ್ಟನ್ನು ಸ್ಕ್ರೂ ತಲೆಯೊಳಕ್ಕೆ ಒತ್ತುತ್ತದೆ, ಇನ್ನೊಂದು ಪಾಲು ಆ ಜಾಡಿನ ಮೂಲಕ ತಿರುಗುವ ಬಲವಾಗುತ್ತದೆ. ಒತ್ತುವುದು, ತಿರುಗಿಸುವುದು ಎರಡೂ ಒಂದೇ ಕ್ಷಣದಲ್ಲಿ. ಬಿಟ್ ಜಾರುವುದಕ್ಕೆ ಅವಕಾಶವೇ ಸಿಗುವುದಿಲ್ಲ. ಬ್ಯಾಟರಿಯ ಇಂಪ್ಯಾಕ್ಟಿನಲ್ಲಿ ತಿರುಗಿಸುವ ಬಲ ಬೇಕಾದಷ್ಟಿದೆ, ಆದರೆ ಒಳಕ್ಕೆ ಒತ್ತುವ ಬಲ ನಿಮ್ಮ ತೋಳಿನದ್ದೇ. ಹಾಗಾಗಿ ಜಾಮ್ ಆದ ಸ್ಟಾರ್ ಸ್ಕ್ರೂ ತಲೆಯನ್ನು ಅತಿ ಬೇಗ ಹಾಳುಮಾಡುವುದೂ ಅದೇ.

ಇನ್ನೊಂದು ವಿಷಯ ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಈ ಸ್ಕ್ರೂ ಸಾಮಾನ್ಯವಾಗಿ ಎಂ6 ಅಳತೆಯದ್ದು (ಅಂದರೆ 6 ಮಿ.ಮೀ. ದಪ್ಪದ ತ್ರೆಡ್), ಫ್ಯಾಕ್ಟರಿಯಲ್ಲಿ ಬಿಗಿದಿರುವುದು ಸುಮಾರು 10 ನ್ಯೂಟನ್ ಮೀಟರ್ ಮಾತ್ರ. ಕೈಯಲ್ಲಿ ಬಿಚ್ಚಬಹುದಾದ ಬಿಗಿ ಅದು. ಮತ್ತೆ ಯಾಕೆ ಇಷ್ಟು ಹಿಡಿಯುತ್ತದೆ? ಬಿಚ್ಚಿದ ಹಳೇ ಸ್ಕ್ರೂವನ್ನು ಬೆಳಕಿಗೆ ಹಿಡಿದು ನೋಡಿ. ತ್ರೆಡ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ, ಅಲ್ಲಲ್ಲಿ ಹೊಳಪು ಕೂಡ ಉಳಿದಿರುತ್ತದೆ. ತುಕ್ಕು ಇರುವುದು ತಲೆಯ ಅಡಿಯಲ್ಲಿ, ಲಾಳಿಕೆಯ ಹಾಗೆ ಕೆಳಕ್ಕೆ ಕಿರಿದಾಗುವ ಆ ಭಾಗದಲ್ಲಿ. ಅದು ಡಿಸ್ಕಿನ ಅದೇ ಆಕಾರದ ಗುಳಿಯಲ್ಲಿ ಕೂತಿರುತ್ತದೆ. ನೀರು ಅಲ್ಲಿ ನಿಲ್ಲುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಕಾಯುತ್ತದೆ, ಆರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಆ ಸಣ್ಣ ಸಂದಿಯಲ್ಲಿ ಜಾಗ ಎಲ್ಲಿದೆ? ಹೀಗಾಗಿ ತಲೆ ಡಿಸ್ಕಿಗೇ ಕಚ್ಚಿಕೊಂಡುಬಿಡುತ್ತದೆ. ನೀವು ಹೋರಾಡುತ್ತಿರುವುದು ತ್ರೆಡ್ ಜೊತೆ ಅಲ್ಲ, ಆ ತಲೆಯ ಅಡಿಯ ತುಕ್ಕಿನ ಜೊತೆ. ಇದು ಅರ್ಥವಾದರೆ ಮುಂದಿನ ಕೆಲಸವೆಲ್ಲ ಸುಲಭ, ಯಾಕೆಂದರೆ ತುಕ್ಕಿನ ಹಿಡಿತ ಒಡೆಯಲು ಬೇಕಾದದ್ದು ಏಟು. ಈ ಉಪಕರಣ ಕೊಡುವುದೂ ಅದನ್ನೇ.

ನಾನು ಮಾಡುವ ಕ್ರಮ ಹೀಗಿದೆ. ಚಕ್ರ ಬಿಚ್ಚಿದ ಮೇಲೆ ಕ್ಯಾಲಿಪರ್ ಬಿಚ್ಚುವುದಕ್ಕೆ ಮೊದಲೇ ಸ್ಕ್ರೂಗೆ ಕೈ ಹಾಕಿ. ಕ್ಯಾಲಿಪರ್ ಇದ್ದಾಗ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿದರೆ ಡಿಸ್ಕ್ ಅಲ್ಲಾಡುವುದಿಲ್ಲ, ಏಟಿನ ಬಲ ಪೂರ್ತಿ ಸ್ಕ್ರೂಗೇ ಹೋಗುತ್ತದೆ. ಬಹಳ ಜನ ಕ್ಯಾಲಿಪರ್, ಅದರ ಬ್ರಾಕೆಟ್ ಎಲ್ಲ ಬಿಚ್ಚಿ ಹಾಕಿ ಕೊನೆಗೆ ಸ್ಕ್ರೂ ಹತ್ತಿರ ಬರುತ್ತಾರೆ, ಆಗ ಹಬ್ ತಿರುಗುತ್ತಾ ಕೂರುತ್ತದೆ. ಕಾರು ಜಾಕ್ ಒಂದರ ಮೇಲೆ ನಿಂತಿರಬಾರದು ಅಂತ ಬೇರೆ ಹೇಳಬೇಕಾ? ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಉಳಿದ ಚಕ್ರಗಳಿಗೆ ಅಡ್ಡ ಇಡಿ. ನೀವು ಇಲ್ಲಿ ಸುತ್ತಿಗೆ ಬೀಸುತ್ತಿದ್ದೀರಿ, ಸುಮ್ನೆ ನಟ್ ತಿರುಗಿಸುತ್ತಿಲ್ಲ.

ಸ್ಕ್ರೂ ತಲೆಯ ಗುರುತಿನಲ್ಲಿ ಕೂತ ತುಕ್ಕು, ಬ್ರೇಕ್ ಪುಡಿ ಎಲ್ಲ ಮೊಳೆಯ ತುದಿಯಿಂದಲೋ ಸಣ್ಣ ತಂತಿ ಬ್ರಷ್‌ನಿಂದಲೋ ಕೆರೆದು ತೆಗೆಯಿರಿ. ಇದಕ್ಕೆ ಎರಡು ನಿಮಿಷ ಸಾಕು, ಆದರೆ ಇದನ್ನು ಬಿಟ್ಟರೆ ಬಿಟ್ ತಳ ಮುಟ್ಟುವುದಿಲ್ಲ, ಅರ್ಧ ಆಳದಲ್ಲೇ ನಿಂತು ಅಂಚು ಕಿತ್ತುಕೊಂಡು ಬರುತ್ತದೆ. ಬಿಟ್ ಅಳತೆ 3ನೇ ನಂಬರ್ ಸ್ಟಾರ್. 2ನೇ ನಂಬರ್ ಕೂಡ ಒಳಗೆ ಹೋಗುತ್ತದೆ, ಅಲ್ಲೇ ಇರುವುದು ಅಪಾಯ. ಕೂರಿಸಿ ಅತ್ತಿತ್ತ ಅಲ್ಲಾಡಿಸಿ ನೋಡಿ, ಆಟ ಇದ್ದರೆ ಅದು ಸರಿಯಾದ ಬಿಟ್ ಅಲ್ಲ. ಜಪಾನಿನ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಸ್ಕ್ರೂ ತಲೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯದ್ದು, ನೋಡಲು ಫಿಲಿಪ್ಸ್, ಅಂದರೆ ಮಾಮೂಲಿ ಸ್ಟಾರ್ ಥರವೇ ಇರುತ್ತದೆ, ಆದರೆ ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ತಳಕ್ಕೆ ಕೂರುವುದಿಲ್ಲ. ಕೆಲವು ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇರುತ್ತದೆ, ಅದು ಜೆಐಎಸ್ ಗುರುತು. ಅಂಥ ಕಾರು ನಿಮ್ಮದಾದರೆ ಜೆಐಎಸ್ ಬಿಟ್ ಬೇರೆಯಾಗಿ ತಂದುಕೊಳ್ಳಿ.

ಆಮೇಲೆ ಪೆನೆಟ್ರೇಟಿಂಗ್ ಆಯಿಲ್. ತುಕ್ಕಿನ ಸಂದಿಗೆ ಇಳಿಯಲು ಸಮಯ ಬೇಕು, ಹಿಂದಿನ ರಾತ್ರಿಯೇ ಒಂದೆರಡು ಹನಿ ಬಿಟ್ಟರೆ ಒಳ್ಳೆಯದು. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಡಬ್ಬಿಯನ್ನೇ ಜನ ಇದಕ್ಕೂ ಬಳಸುತ್ತಾರೆ. ಅದನ್ನು 1953ರಲ್ಲಿ ಮಾಡಿದ್ದು ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಲಿಕ್ಕೆ. ಏನೂ ಇಲ್ಲದಿದ್ದರೆ ಅದೂ ಆಗುತ್ತದೆ, ಆದರೆ ಜಾಮ್ ಬಿಡಿಸಲಿಕ್ಕೆಂದೇ ಬೇರೆ ಪೆನೆಟ್ರೆಂಟ್ ಬರುತ್ತದೆ, ಅದೇ ಕಂಪನಿ ಕೂಡ ಮಾರುತ್ತದೆ. ಡಿಸ್ಕ್ ಮೇಲ್ಮೈಗೆ, ಪ್ಯಾಡಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ. ಎಣ್ಣೆ ಕುಡಿದ ಪ್ಯಾಡ್ ಬಿಸಾಡುವುದೇ ಸರಿ. ಸ್ಪ್ರೇ ಮಾಡುವ ಬದಲು ಹನಿ ಹನಿಯಾಗಿ ಬಿಡುವುದು ನನಗೆ ಇಷ್ಟ.

ಈಗ ಏಟು. ಮೊದಲು ಡ್ರೈವರ್ ಇಲ್ಲದೆ, ಸ್ಕ್ರೂ ತಲೆಯ ಮೇಲೆ ಚಪ್ಪಟೆ ತುದಿಯ ಪಂಚ್ ಇಟ್ಟು ಒಂದೆರಡು ಗಟ್ಟಿ ಏಟು ಹಾಕಿ. ತಲೆಯ ಅಡಿಯ ತುಕ್ಕು ಅರ್ಧ ಬಿಡುವುದು ಇಲ್ಲೇ. ಆಮೇಲೆ ಡ್ರೈವರನ್ನು ಬಿಚ್ಚುವ ದಿಕ್ಕಿಗೆ ಹೊಂದಿಸಿ. ಗುರುತು ನೋಡಿ ಸುಮ್ಮನಾಗಬೇಡಿ, ಒಂದು ಮರದ ತುಂಡಿನ ಮೇಲೆ ಒತ್ತಿ ಬಿಟ್ ಎಡಕ್ಕೇ ತಿರುಗುತ್ತಿದೆಯಾ ಅಂತ ಕಣ್ಣಾರೆ ನೋಡಿ. ತಪ್ಪು ದಿಕ್ಕಿಗೆ ಇದ್ದರೆ ಪ್ರತಿ ಏಟಿಗೂ ಸ್ಕ್ರೂ ಇನ್ನಷ್ಟು ಬಿಗಿಯುತ್ತದೆ.

ಬಿಟ್ಟನ್ನು ಸ್ಕ್ರೂನಲ್ಲಿ ನೇರವಾಗಿ ಕೂರಿಸಿ, ಹಿಡಿಯನ್ನು ಎಡಕ್ಕೆ ಗಟ್ಟಿಯಾಗಿ ತಿರುಚಿ ಹಿಡಿಯಿರಿ. ಈ ತಿರುಚಿ ಹಿಡಿಯುವುದೇ ಎಲ್ಲಕ್ಕಿಂತ ಮುಖ್ಯ. ಒಳಗಿನ ಸಡಿಲ ಎಲ್ಲ ಹೋಗಿ ಬಿಟ್ ಸ್ಕ್ರೂವಿನ ಅಂಚಿಗೆ ಒರಗಿ ನಿಂತಿರಬೇಕು. ಸಡಿಲ ಇದ್ದರೆ ಏಟಿನ ಬಲ ಆ ಸಡಿಲ ತುಂಬುವುದರಲ್ಲೇ ಮುಗಿಯುತ್ತದೆ. ಉಪಕರಣ ಕೆಲಸ ಮಾಡಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ಬಹುತೇಕ ಇದನ್ನೇ ಬಿಟ್ಟಿರುತ್ತಾರೆ. ಸುತ್ತಿಗೆ 1 ಕಿಲೋ, ಒಂದೂವರೆ ಕಿಲೋ ಇರಲಿ. ಮೊಳೆ ಹೊಡೆಯುವ ಸಣ್ಣ ಸುತ್ತಿಗೆಯಿಂದ ಹತ್ತಾರು ಸಲ ಟಕಟಕ ಅಂತ ಬಡಿಯುವುದರಿಂದ ಪ್ರಯೋಜನವಿಲ್ಲ, ಹಿಡಿಯ ತಲೆ ಮಾತ್ರ ಹೂವರಳಿದಂತೆ ಚಪ್ಪಟೆಯಾಗುತ್ತದೆ. ಭಾರದ ಸುತ್ತಿಗೆಯಿಂದ ನೇರವಾಗಿ, ಬಿಡುವು ಕೊಟ್ಟು, ಒಂದೊಂದೇ ಪೂರ್ತಿ ಏಟು. ಕಣ್ಣಿಗೆ ಗಾಗಲ್ಸ್ ಕಡ್ಡಾಯ, ತುಕ್ಕಿನ ಚೂರು ಮುಖದ ಕಡೆಗೇ ಹಾರುತ್ತದೆ.

ಸ್ಕ್ರೂ ಹಿಡಿತ ಬಿಟ್ಟಾಗ ಗೊತ್ತಾಗುತ್ತದೆ. ಅಲ್ಲಿಯವರೆಗೆ ಏಟಿನ ಸದ್ದು ಗಟ್ಟಿಯಾಗಿ ಠಣ್ ಅಂತ ಬರುತ್ತಿರುತ್ತದೆ, ಹಿಡಿ ಕೈಯಲ್ಲಿ ಪುಟಿಯುತ್ತದೆ. ಒಂದು ಏಟಿಗೆ ಸದ್ದು ಮಂದವಾಗುತ್ತದೆ, ಹಿಡಿ ಸ್ವಲ್ಪ ತಿರುಗಿ ನಿಲ್ಲುತ್ತದೆ. ಬಿಟ್ ಎತ್ತಿ ನೋಡಿದರೆ ಸ್ಕ್ರೂ ತಲೆಯ ಸುತ್ತ ಕೂದಲೆಳೆಯಷ್ಟು ಸಂದಿ ಬಿದ್ದು, ಅದರಿಂದ ಕೆಂಪು ಪುಡಿ ಉದುರುತ್ತಿರುತ್ತದೆ. ಅಲ್ಲಿಂದ ಮುಂದೆ ಸಾಮಾನ್ಯ ಸ್ಕ್ರೂಡ್ರೈವರ್ ಸಾಕು, ಬೆರಳಲ್ಲೇ ಬಿಚ್ಚಬಹುದು. ಆ ಕ್ಷಣದ ಖುಷಿಯೇ ಬೇರೆ.

ಇನ್ನು ಕೊರತೆಗಳು, ಅವೂ ಇವೆ. ದೊಡ್ಡ ಕೊರತೆ ಜೊತೆಗೆ ಬರುವ ಬಿಟ್‌ಗಳು. ನನ್ನ ಸೆಟ್ಟಿನ ಸ್ಟಾರ್ ಬಿಟ್‌ನ ತುದಿ ಬೇಗ ತಿರುಚಿಕೊಂಡಿತು, ರೆಕ್ಕೆಗಳು ಮೊಂಡಾದವು. ಮೊಂಡಾದ ಬಿಟ್ ಸ್ಕ್ರೂ ತಲೆಯನ್ನೂ ಹಾಳುಮಾಡುತ್ತದೆ. ಎಸ್2 ಅನ್ನುವ ಗಟ್ಟಿ ಉಕ್ಕಿನ, ಇಂಪ್ಯಾಕ್ಟಿಗೆಂದೇ ಮಾಡಿದ ಒಂದು ಒಳ್ಳೆಯ 3ನೇ ನಂಬರ್ ಬಿಟ್ ಹಾಕಿದ ಮೇಲೆ ಅದೇ ಹಿಡಿ ಬೇರೆಯೇ ಉಪಕರಣದ ಹಾಗೆ ಕೆಲಸ ಮಾಡಿತು. ಆದ್ದರಿಂದ ದುಬಾರಿ ಹಿಡಿಗೆ ದುಡ್ಡು ಹಾಕುವ ಬದಲು ಸಾಧಾರಣ ಹಿಡಿ, ಒಳ್ಳೆಯ ಬಿಟ್ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಹೋಲ್ಡರಿನ ಅಳತೆ ನೋಡಿಕೊಳ್ಳಿ. ಇವುಗಳಲ್ಲಿ ಹೆಚ್ಚಿನವು 8 ಮಿ.ಮೀ. ಆರು ಮೂಲೆಯ ಬಿಟ್ ಹಿಡಿಯುತ್ತವೆ. ಬ್ಯಾಟರಿ ಡ್ರಿಲ್ಲಿನ ಕಾಲು ಇಂಚಿನ ಬಿಟ್ ಅದಕ್ಕೆ ಕೂರುವುದಿಲ್ಲ.

ಎರಡನೆಯದು, ಕೈಗೆ ರಕ್ಷಣೆ ಇಲ್ಲ. ಹಿಡಿ ಚಿಕ್ಕದು, ಸುತ್ತಿಗೆ ಭಾರ. ರಬ್ಬರ್ ಅಂಚು ಇರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ದಪ್ಪ ಗ್ಲೌಸ್ ಹಾಕಿ. ದಿಕ್ಕಿನ ಗುರುತು ಹಿಡಿಯ ಮೇಲೆ ಎಷ್ಟು ಸಣ್ಣದಾಗಿ ಕೆತ್ತಿರುತ್ತಾರೆ ಅಂದರೆ ಗ್ರೀಸ್ ಕೈ ತಾಗಿದ ಮೇಲೆ ಕಾಣುವುದೇ ಇಲ್ಲ, ನಾನು ಬಿಳಿ ಪೇಂಟಿನಲ್ಲಿ ಎದ್ದುಕಾಣುವ ಹಾಗೆ ಬಾಣ ಹಾಕಿಕೊಂಡಿದ್ದೇನೆ. ಮೂರನೆಯದು ಉಪಕರಣದ ತಪ್ಪಲ್ಲ, ಅದರ ಸ್ವಭಾವ. ಸುತ್ತಿಗೆ ಬೀಸಲು ನೇರ ಜಾಗ ಬೇಕು. ಚಕ್ರದ ಹತ್ತಿರ ಜಾಗ ಇದೆ, ಇಂಜಿನ್ ಸಂದಿಯಲ್ಲಿ ಇಲ್ಲ.

ಚೌಕಕ್ಕೆ ಸಾಕೆಟ್ ಹಾಕಿ ಆರು ಮೂಲೆ ಬೋಲ್ಟ್ ಬಿಚ್ಚಬಹುದು ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಸಣ್ಣ ಬೋಲ್ಟುಗಳಿಗೆ ಸರಿ. ಆದರೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಮಾತ್ರ ಹಾಕಿ, ಫಳಫಳ ಹೊಳೆಯುವ ಕ್ರೋಮ್ ಸಾಕೆಟ್ ಸುತ್ತಿಗೆ ಏಟಿಗೆ ಒಡೆದು ಚೂರು ಹಾರಬಹುದು. ಕ್ಯಾಲಿಪರ್ ಬ್ರಾಕೆಟ್, ಸಸ್ಪೆನ್ಷನ್ ಬೋಲ್ಟ್‌ಗಳಂಥ ದೊಡ್ಡವಕ್ಕೆ ಇದು ಸಾಲದು. ಅಲ್ಲಿ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದನೆಯ ಹಿಡಿ) ಅಥವಾ ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಬೇಕು, ಬಿಟ್ ಜಾರುವ ಸಮಸ್ಯೆಯೇ ಅಲ್ಲಿಲ್ಲ.

ಇದರ ತಮ್ಮ ಅನ್ನಬಹುದಾದ ಇನ್ನೊಂದಿದೆ, ಜಪಾನಿನ ವೆಸೆಲ್ ಕಂಪನಿಯ ಮೆಗಾಡೋರಾ ಇಂಪ್ಯಾಕ್ಟಾ. ನೋಡಲು ಮಾಮೂಲಿ ಸ್ಕ್ರೂಡ್ರೈವರ್, ತಲೆಗೆ ಹೊಡೆದರೆ ತುದಿ ಸುಮಾರು 12 ಡಿಗ್ರಿ ಬಿಚ್ಚುವ ದಿಕ್ಕಿಗೆ ತಿರುಗುತ್ತದೆ. ಬೈಕಿನ ಇಂಜಿನ್ ಕವರ್, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಂಥ ಸಣ್ಣ ಸ್ಕ್ರೂಗಳಿಗೆ ನಾನು ಅದನ್ನೇ ಹೇಳುತ್ತೇನೆ, ದೊಡ್ಡ ಡ್ರೈವರಿನ ಏಟು ಅಲ್ಯೂಮಿನಿಯಂ ಭಾಗಕ್ಕೆ ಜಾಸ್ತಿಯಾಗುತ್ತದೆ. ಡಿಸ್ಕ್ ಸ್ಕ್ರೂಗೆ ಮಾತ್ರ ದೊಡ್ಡದೇ ಸರಿ.

ಇಷ್ಟೆಲ್ಲ ಮಾಡಿಯೂ ಬಿಡದ ಸ್ಕ್ರೂ ಇರುತ್ತದೆ, ಅಥವಾ ಬೇರೆ ಯಾರೋ ತಲೆ ಸವೆಸಿಟ್ಟು ಹೋಗಿರುತ್ತಾರೆ. ಆಗ ಎಕ್ಸ್‌ಟ್ರಾಕ್ಟರ್ (ತೂತು ಕೊರೆದು ಒಳಗೆ ಕಚ್ಚಿಸಿ ಸ್ಕ್ರೂ ಬಿಚ್ಚುವ ಸಾಧನ) ಕಡೆ ಓಡಬೇಡಿ. ಎಂ6 ಸ್ಕ್ರೂಗೆ ಹೋಗುವ ಎಕ್ಸ್‌ಟ್ರಾಕ್ಟರ್ ತೆಳ್ಳಗಿರುತ್ತದೆ, ಗಡಸು ಉಕ್ಕಿನದ್ದು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಮುಟ್ಟುವುದೂ ಇಲ್ಲ. ಅದಕ್ಕಿಂತ ತಲೆಯನ್ನೇ ಡ್ರಿಲ್ ಮಾಡಿ ಹಾರಿಸುವುದು ಒಳ್ಳೆಯದು. ಸ್ಟಾರ್ ಗುರುತು ತಾನೇ ಬಿಟ್ಟನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ಸಣ್ಣ ಬಿಟ್‌ನಿಂದ ಶುರುಮಾಡಿ, ಕೊನೆಗೆ ಆರೂವರೆ ಏಳು ಮಿ.ಮೀ. ಬಿಟ್ ಹಾಕಿದರೆ ತಲೆ ಬಳೆಯ ಹಾಗೆ ಕಳಚಿಕೊಳ್ಳುತ್ತದೆ. ಡಿಸ್ಕ್ ಹೊರಗೆ ಬಂದ ಮೇಲೆ ಹಬ್‌ನಲ್ಲಿ ಉಳಿದ ತುಂಡನ್ನು ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಹಾಕಿ ತಿರುಗಿಸಿ. ಹಿಡಿದಿದ್ದ ತಲೆಯೇ ಹೋಯಿತಲ್ಲ, ತುಂಡು ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ.

ಬೆಂಕಿ ಹಚ್ಚಿ ಕಾಯಿಸುವ ಸಲಹೆ ಕೊಡುವವರು ಇದ್ದಾರೆ. ಹಬ್ ಹಿಂದೆಯೇ ಬೇರಿಂಗ್ ಗ್ರೀಸ್, ರಬ್ಬರ್ ಸೀಲ್, ಎಬಿಎಸ್ ಸೆನ್ಸಾರ್ ಇವೆ, ಅಲ್ಲಿಗೆ ಬೆಂಕಿ ತರುವುದು ಬೇಡ. ಇನ್ನೂ ಗಂಭೀರವಾದ ಮಾತು: ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ, ಅದು ಕಾದ ಲೋಹದ ಮೇಲೆ, ಬೆಂಕಿಯ ಹತ್ತಿರ ಒಡೆದು ಫಾಸ್ಜೀನ್ ಅನ್ನುವ ವಿಷಾನಿಲ ಆಗಬಹುದು. ಸ್ವಲ್ಪವೇ ಉಸಿರಾಡಿದರೂ ಶ್ವಾಸಕೋಶಕ್ಕೆ ಅಪಾಯ. ಕ್ಲೀನರ್ ಹೊಡೆದ ಜಾಗಕ್ಕೆ ಯಾವ ಕಾರಣಕ್ಕೂ ಬೆಂಕಿ ಹಿಡಿಯಬೇಡಿ, ದಯವಿಟ್ಟು.

ಸ್ಕ್ರೂ ಬಂದರೂ ಡಿಸ್ಕ್ ಹಬ್‌ಗೆ ಅಂಟಿಕೊಂಡೇ ಇರಬಹುದು. ಬಹಳ ಡಿಸ್ಕ್‌ಗಳಲ್ಲಿ ತ್ರೆಡ್ ಇರುವ ಎರಡು ಖಾಲಿ ತೂತು ಬಿಟ್ಟಿರುತ್ತಾರೆ, ಹೆಚ್ಚಾಗಿ ಎಂ8. ಅದಕ್ಕೆ ಎರಡು ಬೋಲ್ಟ್ ಹಾಕಿ ಅರ್ಧರ್ಧ ಸುತ್ತು ಸರದಿಯಲ್ಲಿ ಬಿಗಿಯುತ್ತಾ ಹೋದರೆ ಬೋಲ್ಟ್ ಹಬ್‌ಗೆ ಒರಗಿ ಡಿಸ್ಕನ್ನು ಹೊರಕ್ಕೆ ತಳ್ಳುತ್ತದೆ, ಟಪ್ ಅಂತ ಬಿಡುತ್ತದೆ. ದೊಡ್ಡ ಸುತ್ತಿಗೆಯಿಂದ ಡಿಸ್ಕಿಗೆ ಬಡಿಯುವುದಕ್ಕಿಂತ ಇದು ಎಷ್ಟೋ ಮೇಲು, ಆ ಏಟೆಲ್ಲ ಕೊನೆಗೆ ಹೋಗಿ ಬೀಳುವುದು ಬೇರಿಂಗ್ ಮೇಲೆ ಅಲ್ವಾ.

ವಾಪಸ್ ಜೋಡಿಸುವಾಗ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ಬರಿ ಲೋಹ ಕಾಣುವ ಹಾಗೆ ಮಾಡಿ. ಡಿಸ್ಕಿನ ಓಲಾಟ ಸಾಮಾನ್ಯವಾಗಿ 0.1 ಮಿ.ಮೀ. ಒಳಗಿರಬೇಕು, ಒಂದು ತುಕ್ಕಿನ ಚಕ್ಕೆ ಸಾಕು ಅದನ್ನು ಮೀರಿಸಿ ಬ್ರೇಕ್ ಪೆಡಲ್ ನಡುಗಿಸಲಿಕ್ಕೆ. ಸ್ಕ್ರೂ ಹೊಸದೇ ಹಾಕಿ. ಚಕ್ರದ ನಟ್ ಬಿಗಿದ ಮೇಲೆ ಡಿಸ್ಕನ್ನು ಹಿಡಿಯುವುದು ಚಕ್ರವೇ, ಸ್ಕ್ರೂ ಇಲ್ಲದಿದ್ದರೂ ನಡೆಯುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ನಾನು ಹಾಕುತ್ತೇನೆ. ಚಕ್ರ ಬಿಚ್ಚಿದಾಗ ಡಿಸ್ಕ್ ವಾಲದೆ ನಿಲ್ಲುತ್ತದೆ, ಹಿಂದಿನ ಸಂದಿಗೆ ಕಸ ಬೀಳುವುದಿಲ್ಲ. ತ್ರೆಡ್ಡಿಗೆ ಮತ್ತು ಮುಖ್ಯವಾಗಿ ತಲೆಯ ಅಡಿಗೆ ತೆಳುವಾಗಿ ಆಂಟಿ ಸೀಜ್ (ಜಾಮ್ ಆಗದಂತೆ ತಡೆಯುವ ಪೇಸ್ಟ್) ಹಚ್ಚಿ, ಕೈಯಲ್ಲಿ ಹದವಾಗಿ ಬಿಗಿದರೆ ಮುಗಿಯಿತು. ಚಕ್ರದ ನಟ್‌ಗೆ ಅದನ್ನು ಹಚ್ಚಬೇಡಿ. ಬಿಗಿಯುವ ಬಲದಲ್ಲಿ ಬಹುಪಾಲು ಘರ್ಷಣೆಗೇ ಹೋಗುತ್ತದೆ, ಜಾರುವ ಪೇಸ್ಟ್ ಹಚ್ಚಿದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ನಟ್ ಕೂರುವ ಸ್ಟಡ್ ಮೇಲೆ ಬೀಳುವ ಎಳೆತ ಜಾಸ್ತಿಯಾಗುತ್ತದೆ.

ಕೊಳ್ಳುವ ಮೊದಲು ಚಕ್ರ ಒಂದನ್ನು ಬಿಚ್ಚಿ ನಿಮ್ಮ ಡಿಸ್ಕಿನ ಸ್ಕ್ರೂ ಯಾವುದು ಅಂತ ನೋಡಿಕೊಳ್ಳಿ. ಫೋಕ್ಸ್‌ವ್ಯಾಗನ್‌ನ ಬಹಳ ಕಾರುಗಳಲ್ಲಿ ಟಿ30 ಟಾರ್ಕ್ಸ್ (ಆರು ಮೊನೆಯ ನಕ್ಷತ್ರದಂಥ ಗುರುತು), ಬಿಎಂಡಬ್ಲ್ಯೂನಲ್ಲಿ 6 ಮಿ.ಮೀ. ಅಲನ್ (ಆರು ಮೂಲೆಯ ಗುಳಿ) ಬರುತ್ತದೆ. ಈ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಸ್ಟಾರ್, ಚಪ್ಪಟೆ ಬಿಟ್ಟೇ ಇರುವುದು. ಅಂಥ ಕಾರಿದ್ದರೆ ಹಿಡಿಯ ಜೊತೆಗೆ 8 ಮಿ.ಮೀ. ಬುಡದ ಆ ಬಿಟ್ಟನ್ನೂ ಒಟ್ಟಿಗೇ ತರಿಸಿಕೊಳ್ಳಿ.